ವಿಷಕ್ಕೆ ಬಗ್ಗದ ಹರಿವೆ

ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದರೂ ಸಾಯದ ಕಳೆಯೊಂದು 2004ರ ಸುಮಾರಿಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಹತ್ತಿ ಹೊಲಗಳಲ್ಲಿ ಕಾಣಿಸಿಕೊಂಡಿತು. ಹೆಸರು ಪಾಮರ್ ಅಮರಾಂತ್. ನಾವು ಹುಳಿಗೆ, ಪಲ್ಯಕ್ಕೆ ಹಾಕುವ ಹರಿವೆ, ದಂಟುಗಳ ಕುಲದ್ದೇ ಗಿಡ. ಅಮೆರಿಕದ ನೈರುತ್ಯ ಭಾಗ ಮತ್ತು ಉತ್ತರ ಮೆಕ್ಸಿಕೊದ ಒಣನೆಲ ಇದರ ತವರು. ಅಲ್ಲಿಂದ ಹೊರಬಿದ್ದು ಹತ್ತಿ, ಸೋಯಾ ಹೊಲಗಳನ್ನೆಲ್ಲ ಆಕ್ರಮಿಸಿತು. ಹದವಾದ ಬಿಸಿಲಿದ್ದರೆ ದಿನಕ್ಕೆ 5 ಸೆಂಟಿಮೀಟರ್ ಎತ್ತರವಾಗಬಲ್ಲದು. ಒಂದು ಹೆಣ್ಣುಗಿಡ ಲಕ್ಷಗಟ್ಟಲೆ ಬೀಜ ಉದುರಿಸುತ್ತದೆ.

ಗ್ಲೈಫೋಸೇಟ್ ಗಿಡವನ್ನು ಕೊಲ್ಲುವ ಬಗೆ ಸರಳ. ಇಪಿಎಸ್‌ಪಿಎಸ್ ಎಂಬ ಕಿಣ್ವವೊಂದು ಸಸ್ಯಗಳಲ್ಲಿದೆ. ಮೂರು ಅಗತ್ಯ ಅಮೈನೊ ಆಮ್ಲಗಳ ತಯಾರಿಕೆ ಅದಿಲ್ಲದೆ ನಡೆಯದು. ಗ್ಲೈಫೋಸೇಟ್ ಹೋಗಿ ಆ ಕಿಣ್ವಕ್ಕೆ ಅಂಟಿಕೊಂಡರೆ ಕೆಲಸ ನಿಂತು ಗಿಡ ಸೊರಗುತ್ತದೆ. 1974ರಲ್ಲಿ ಮಾರುಕಟ್ಟೆಗೆ ಬಂದ ಈ ಕಳೆನಾಶಕವನ್ನು ಬೆಳೆಯ ಮೇಲೆಯೇ ಸುರಿಯಬಹುದೆಂದಾದದ್ದು 1996ರ ನಂತರ, ಅದನ್ನು ತಾಳಿಕೊಳ್ಳುವ ಕುಲಾಂತರಿ ಸೋಯಾ, ಹತ್ತಿ ಬಂದ ಮೇಲೆ. ಆಮೇಲೆ ವರ್ಷವರ್ಷವೂ ಅದೇ ಔಷಧ, ಅದೇ ಹೊಲ.

ಹಾಗಾದರೆ ಜಾರ್ಜಿಯಾದ ಕಳೆ ಬದುಕಿದ್ದು ಹೇಗೆ? ಕಿಣ್ವದ ಆಕಾರ ಬದಲಾಗಿ ಗ್ಲೈಫೋಸೇಟ್‌ಗೆ ಅಂಟಿಕೊಳ್ಳಲು ಜಾಗ ಸಿಗದಂತಾಗಿರಬೇಕು ಎಂಬುದು ಸಹಜವಾದ ಊಹೆ. ವಿಜ್ಞಾನಿ ಟಾಡ್ ಗೇನ್ಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಕಥೆ ಹೇಳಿತು. ಕಿಣ್ವ ಹಳೆಯದೇ, ವಿಷಕ್ಕೆ ಮೊದಲಿನಷ್ಟೇ ಮೆತ್ತಗೆ. ಆದರೆ ಅದನ್ನು ತಯಾರಿಸುವ ಜೀನ್ ಸಾಮಾನ್ಯ ಗಿಡಕ್ಕಿಂತ 5ರಿಂದ 160ಕ್ಕೂ ಹೆಚ್ಚು ಪಟ್ಟು ಪ್ರತಿಗಳಲ್ಲಿತ್ತು! ಒಂದು ಕೌಂಟರ್ ಮುಚ್ಚಿಸಿದರೆ ಪಕ್ಕದಲ್ಲಿ ನೂರು ಕೌಂಟರ್ ತೆರೆದ ಹಾಗೆ. ಸಿಂಪಡಿಸಿದ ವಿಷವೆಲ್ಲ ಕಿಣ್ವಕ್ಕೆ ಅಂಟಿ ಮುಗಿದರೂ ಕೆಲಸ ನಡೆಸಲು ಬೇಕಾದಷ್ಟು ಕಿಣ್ವ ಉಳಿದಿರುತ್ತದೆ.

ಇಷ್ಟು ಪ್ರತಿಗಳು ಇದ್ದುದಾದರೂ ಎಲ್ಲಿ? ಉತ್ತರ ಬಂದದ್ದು 2018ರಲ್ಲಿ. ನನಗೆ ಇಡೀ ಕಥೆಯಲ್ಲಿ ತುಂಬ ವಿಚಿತ್ರವೆನಿಸುವುದು ಇದೇ. ಅವು ವರ್ಣತಂತುಗಳ ಹೊರಗೆ, ಡಿಎನ್‌ಎಯ ಪುಟ್ಟ ಉಂಗುರಗಳಲ್ಲಿದ್ದವು. ಒಂದೊಂದು ಉಂಗುರ ಸುಮಾರು 4 ಲಕ್ಷ ಅಕ್ಷರಗಳಷ್ಟು ಉದ್ದ. ಕೋಶ ಇಬ್ಭಾಗವಾಗುವಾಗ ಉಂಗುರಗಳು ವರ್ಣತಂತುಗಳಿಗೆ ಜೋತುಬಿದ್ದು ಮರಿಕೋಶಗಳಿಗೆ ಸಾಗುತ್ತವೆ. ಪಾಲು ಸಮನಾಗಿರುವುದಿಲ್ಲ, ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಮೆಂಡೆಲ್ ಬಟಾಣಿಯಲ್ಲಿ ಕಂಡ ಅಚ್ಚುಕಟ್ಟಾದ ಅನುಪಾತ ಇಲ್ಲಿ ನಡೆಯದು. ಹೆಚ್ಚು ಉಂಗುರ ಸಿಕ್ಕ ಗಿಡಗಳು ಸಿಂಪಡಣೆಯಲ್ಲಿ ಬದುಕಿ ಬೀಜ ಕಟ್ಟುತ್ತವೆ.

ಸಾಲದ್ದಕ್ಕೆ ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಪರಾಗ ಗಾಳಿಯಲ್ಲಿ ತೇಲಿ ಪಕ್ಕದ ಹೊಲಕ್ಕೂ ನಿರೋಧಕ ಗುಣವನ್ನು ಒಯ್ಯುತ್ತದೆ. ಮಿಸಿಸಿಪ್ಪಿಯಲ್ಲಿ ಈ ಗುಣ ಮುಳ್ಳುಹರಿವೆಗೂ ದಾಟಿದೆ. ನಮ್ಮ ಬೇಲಿಬದಿಯಲ್ಲೂ ಬೆಳೆಯುವುದು ಅದೇ ಜಾತಿಯ ಮುಳ್ಳುಹರಿವೆ.

ಕಿಣ್ವವೇ ಬದಲಾದ ಉದಾಹರಣೆಯೂ ಇದೆ. ರಾಗಿಯ ಕಾಡುನೆಂಟನಾದ ಎಲ್ಯುಸಿನ್ ಇಂಡಿಕಾ ಎಂಬ ಹುಲ್ಲು ಮಲೇಷ್ಯಾದಲ್ಲಿ 1990ರ ದಶಕದಲ್ಲೇ ಗ್ಲೈಫೋಸೇಟ್ ಗೆದ್ದಿತು. ಕಿಣ್ವದ 106ನೇ ಸ್ಥಾನದಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಸೆರಿನ್ ಬಂದಿತ್ತು. ಮುಂದೆ ಕೆಲವು ಗಿಡಗಳಲ್ಲಿ 102ನೇ ಸ್ಥಾನವೂ ಬದಲಾಗಿ ನಿರೋಧ ಬಹಳ ಹೆಚ್ಚಿತು. ಕುಲಾಂತರಿ ಮೆಕ್ಕೆಜೋಳದ ಒಂದು ತಳಿಗಾಗಿ ಪ್ರಯೋಗಾಲಯದಲ್ಲಿ ಮಾಡಿದ್ದೂ ಇದೇ ಎರಡು ಬದಲಾವಣೆ!

ಕಳೆನಾಶಕ ಈ ಗುಣಗಳನ್ನು ಹುಟ್ಟಿಸುವುದಿಲ್ಲ, ಆಕಸ್ಮಿಕವಾಗಿ ಹುಟ್ಟಿದವನ್ನು ಆರಿಸಿ ಬೆಳೆಸುತ್ತದೆ. ಜಾರ್ಜಿಯಾದ ರೈತರು ಕೊನೆಗೆ ಕೂಲಿ ಕೊಟ್ಟು ಕೈಯಲ್ಲೇ ಕಳೆ ಕೀಳಿಸಬೇಕಾಯಿತು. ಭಾರತದಲ್ಲಿ ಗ್ಲೈಫೋಸೇಟ್ ಬಳಕೆಗೆ 2022ರಲ್ಲಿ ಕೇಂದ್ರ ಸರ್ಕಾರ ಕಡಿವಾಣ ಹಾಕಿತ್ತು. ಆದರೂ ಆರಿಸಿ ಬೆಳೆಸುವ ಈ ಮಾತು ಯಾವ ಕಳೆನಾಶಕಕ್ಕಾದರೂ ಅನ್ವಯಿಸುತ್ತದೆ. ಸಿಂಪಡಿಸಿದ ಮೇಲೂ ಹೊಲದಲ್ಲಿ ಹಸಿರಾಗಿ ನಿಂತ ನಾಲ್ಕಾರು ಕಳೆ ಕಂಡರೆ ಅದೇ ಔಷಧವನ್ನು ಇನ್ನೊಮ್ಮೆ ಹೊಡೆಯಬೇಡಿ. ಬೀಜ ಕಟ್ಟುವ ಮೊದಲೇ ಅವನ್ನು ಬೇರು ಸಮೇತ ಕಿತ್ತುಹಾಕಿ.