ಹಾಲ್ ಕೊನೆಗೆ ನೋಡಿ: ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಮನೆ ಕೊಳ್ಳುವವರಿಗೆ

ಮನೆ ಮಾರುವವರು ಮೊದಲು ತೋರಿಸುವುದು ಹಾಲ್. ಪಿಒಪಿ ಸೀಲಿಂಗ್, ಹೊಳೆಯುವ ಟೈಲ್ಸ್, ತೇಗದ ಬಾಗಿಲು ನೋಡಿದ ಕೂಡಲೇ ಮನಸ್ಸು ಅರ್ಧ ಒಪ್ಪಿಬಿಡುತ್ತದೆ. ಆದರೆ ಹಾಲ್‌ನಲ್ಲಿ ಹಿಡಿಸದೇ ಇದ್ದದ್ದನ್ನು ಆಮೇಲೆ ಬದಲಿಸಿಕೊಳ್ಳಬಹುದು. ಬುನಾದಿ, ಸಂಪು, ಅಡುಗೆಮನೆಯ ಅಳತೆ, ಪಾಯಿಖಾನೆಯ ಗುಂಡಿ ಹಾಗಲ್ಲ. ಅವನ್ನು ಸರಿಪಡಿಸಲು ಮನೆಯನ್ನೇ ಒಡೆಯಬೇಕು. ಆದ್ದರಿಂದ ಬದಲಿಸಲಾಗದ್ದನ್ನು ಮೊದಲು ನೋಡಿ, ಬದಲಿಸಬಹುದಾದದ್ದನ್ನು ಕೊನೆಗೆ ನೋಡಿ.

ಇನ್ನೊಂದು ಮಾತು. ಈ ಮೂರೂ ಊರು ಒಂದೇ ಜಿಲ್ಲೆಯಲ್ಲಿ, ಅಕ್ಕಪಕ್ಕದಲ್ಲೇ ಇವೆ. ಆದರೆ ನೆಲ, ನೀರು, ಮಳೆ ಮೂರರಲ್ಲೂ ಬೇರೆ. ಅಜ್ಜಂಪುರದಲ್ಲಿ ಮೊದಲು ಮಣ್ಣು ನೋಡಬೇಕು. ಕಡೂರಿನಲ್ಲಿ ನೀರು, ತರೀಕೆರೆಯಲ್ಲಿ ಸೂರು.

ಅಜ್ಜಂಪುರ, ಶಿವನಿ ಕಡೆ ಎರೆಭೂಮಿ ಹೆಚ್ಚು. ಈರುಳ್ಳಿಗೆ ಒಳ್ಳೆಯ ಮಣ್ಣು, ಗೋಡೆಗೆ ಕಷ್ಟದ ಮಣ್ಣು. ಎರೆ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ವರ್ಷವರ್ಷವೂ ಹೀಗೆ ಏರಿಳಿದರೆ ಮೇಲಿನ ಗೋಡೆ ಸೀಳುತ್ತದೆ. ಹಾಗಾಗಿ ಕಟ್ಟಿದ ಮೇಸ್ತ್ರಿಯನ್ನು ಹುಡುಕಿ ಎರಡು ಪ್ರಶ್ನೆ ಕೇಳಿ. ಎರೆ ದಾಟಿ ಗಟ್ಟಿ ನೆಲ ಸಿಗುವವರೆಗೆ ಪಾಯ ತೆಗೆದಿದ್ದಾರೆಯೇ? ಪ್ಲಿಂತ್ ಬೀಮ್ ಹಾಕಿದ್ದಾರೆಯೇ? ಪ್ಲಿಂತ್ ಬೀಮ್ ಎಂದರೆ ಪಾಯದ ಮೇಲೆ, ಗೋಡೆಗಳ ಕೆಳಗೆ ಸುತ್ತಲೂ ಹಾಕುವ ಕಬ್ಬಿಣ–ಕಾಂಕ್ರೀಟಿನ ಪಟ್ಟಿ. ಒಂದು ಮೂಲೆ ಸ್ವಲ್ಪ ಕುಸಿದರೂ ಗೋಡೆ ಸೀಳುವುದನ್ನು ಅದು ಕಡಿಮೆ ಮಾಡುತ್ತದೆ.

ಗೋಡೆಯಲ್ಲಿ ಬಿರುಕು ಕಂಡರೆ ಹೆದರಬೇಕೇ? ಎಲ್ಲಕ್ಕೂ ಹೆದರಬೇಕಿಲ್ಲ. ಕೂದಲೆಳೆಯಂಥ ಬಿರುಕು ಸಾಮಾನ್ಯವಾಗಿ ಗಾರೆ ಒಣಗುವಾಗ ಬಂದದ್ದು. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿ, ಹೋಗುತ್ತಾ ಅಗಲವಾಗುವ ಬಿರುಕನ್ನು ಲಘುವಾಗಿ ನೋಡಬೇಡಿ. ಅದರಲ್ಲಿ ಒಂದು ರೂಪಾಯಿ ನಾಣ್ಯ ತೂರುವಂತಿದ್ದರೆ ಸಿವಿಲ್ ಎಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ. ಮನೆಯ ಎಲ್ಲ ಬಾಗಿಲುಗಳನ್ನೂ ಒಮ್ಮೆ ಹಾಕಿ ತೆಗೆಯಿರಿ. ಚೌಕಟ್ಟಿಗೆ ಉಜ್ಜಿ ನಿಲ್ಲುವ ಬಾಗಿಲು ಹಲವು ಸಲ ಪಾಯದ ದೋಷವನ್ನೇ ಹೇಳುತ್ತದೆ. ಹೊಸ ಬಣ್ಣ ಹೊಡೆದ ಹಳೆಯ ಮನೆಯಾದರೆ ಇನ್ನಷ್ಟು ಜಾಗ್ರತೆ ಬೇಕು.

ಕಡೂರು ಬಯಲುಸೀಮೆ. ಇಲ್ಲಿ ಮಲಗುವ ಕೋಣೆ ಎಷ್ಟು ಎಂದು ಕೇಳುವ ಮೊದಲು ಸಂಪು ಎಷ್ಟು ದೊಡ್ಡದು ಎಂದು ಕೇಳಿ. ಮುಚ್ಚಳ ತೆಗೆಸಿ, ಟೇಪು ಹಿಡಿದು ಅಳೆಯಿರಿ. ಲೆಕ್ಕ ಸುಲಭ: ಒಂದು ಘನ ಅಡಿ ಜಾಗದಲ್ಲಿ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪಿನಲ್ಲಿ ಸುಮಾರು 4,200 ಲೀಟರ್. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಅಳತೆ. ನಾಲ್ಕು ಜನರ ಮನೆಗೆ 540 ಲೀಟರ್. ಅಂದರೆ ಆ ಸಂಪು ಏಳೆಂಟು ದಿನ ಬರುತ್ತದೆ. ಆ ಬೀದಿಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ, ಎರಡನ್ನೂ ಹೋಲಿಸಿ ನೋಡಿ. ಬೋರ್‌ವೆಲ್ ಇದೆ ಎಂದರೆ ಸಾಲದು. ಏಪ್ರಿಲ್–ಮೇ ತಿಂಗಳಲ್ಲೂ ನೀರು ಬರುತ್ತದೆಯೇ ಎಂಬುದೇ ಮುಖ್ಯ.

ತಾರಸಿ ನೀರು ಬೀದಿಗೆ ಹೋಗುತ್ತಿದ್ದರೆ ಅದನ್ನು ಸಂಪಿಗೆ ತಿರುಗಿಸಲು ಜಾಗವಿದೆಯೇ ನೋಡಿ. 1,000 ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್. ಸ್ವಲ್ಪ ಪೋಲಾದರೂ 700 ಲೀಟರ್ ಉಳಿಯುತ್ತದೆ. ಒಂದು ಪೈಪು, ಒಂದು ಫಿಲ್ಟರ್ ಹಾಕಿದರೆ ಆಗುವ ಕೆಲಸ. ಕಡೂರಿನಂಥ ಊರಿನಲ್ಲಿ ಇದನ್ನು ಬಿಡುವುದು ನ್ಯಾಯವಲ್ಲ.

ತರೀಕೆರೆ ಅರೆಮಲೆನಾಡು. ಕೆಮ್ಮಣ್ಣುಗುಂಡಿ ಕಡೆಯಿಂದ ಮಳೆ ಇಳಿದು ಬರುತ್ತದೆ. ಇಲ್ಲಿ ಕಿಟಕಿಗಳ ಮೇಲೆ ಸಜ್ಜಾ ಅಗಲವಿರಬೇಕು. ಪಶ್ಚಿಮದ ಗೋಡೆಯನ್ನು ಒಳಗಿನಿಂದ ಅಂಗೈಯಿಟ್ಟು ಮುಟ್ಟಿ ನೋಡಿ. ತಂಪಾಗಿ ಜಿಗುಟಾಗಿದ್ದರೆ, ಬಣ್ಣ ಉಬ್ಬಿ ಉದುರುತ್ತಿದ್ದರೆ, ಗೋಡೆ ನೀರು ಹೀರಿದೆ ಎಂದರ್ಥ. ತಾರಸಿಯಲ್ಲಿ ಒಂದು ಬಕೆಟ್ ನೀರು ಚೆಲ್ಲಿ, ಅದು ಕೊಳವೆಯ ಕಡೆ ಹರಿಯುತ್ತದೋ ನಡುವೆ ನಿಲ್ಲುತ್ತದೋ ನೋಡಿ. ಅಡಿಕೆ ಮನೆತನದವರಾದರೆ ತಾರಸಿಗೆ ಹೊರಗಿನ ಮೆಟ್ಟಿಲಿರಬೇಕು. ಅಡಿಕೆ ಒಣಗಿಸುವ ದಿನಗಳಲ್ಲಿ ಮೂಟೆ ಹೊತ್ತವರು ಹಾಲ್ ದಾಟಿ ಹೋಗುವಂತಾಗಬಾರದು.

ಇನ್ನು ಕೋಣೆಗಳು. ನನ್ನ ದೃಷ್ಟಿಯಲ್ಲಿ ಮೊದಲ ಸ್ಥಾನ ಅಡುಗೆಮನೆಗೆ. ಮನೆಯವರೊಬ್ಬರು ದಿನಕ್ಕೆ ನಾಲ್ಕೈದು ಗಂಟೆ ನಿಲ್ಲುವ ಜಾಗ ಅದು. ಕಿಟಕಿ ಹೊರಗಿನ ಗಾಳಿಗೆ ತೆರೆಯಬೇಕು. ಡಕ್ಟ್‌ಗೆ, ಅಂದರೆ ಪೈಪುಗಳಿಗಾಗಿ ಬಿಟ್ಟ ಕಿಷ್ಕಿಂಧೆಗೆ, ತೆರೆದರೆ ಒಗ್ಗರಣೆ ಹೊಗೆ ಒಳಗೇ ಸುತ್ತುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಂದರೆ ಸುಮಾರು 54 ಚದರ ಅಡಿ ಇರಬೇಕು. ಅದು ಕನಿಷ್ಠ ಅಷ್ಟೇ. ನಮ್ಮ ಕಡೆಯ ಅಡುಗೆಗೆ 80 ಚದರ ಅಡಿಯಾದರೂ ಬೇಕು. ಪಕ್ಕದಲ್ಲಿ ಪಾತ್ರೆ ತೊಳೆಯುವ ಜಾಗ, ಹಿತ್ತಿಲಿಗೆ ಬಾಗಿಲು ಇದ್ದರೆ ಅಂಥ ಮನೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎರಡನೆಯದು, ನೆಲಮಟ್ಟದಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡ ಬಚ್ಚಲು. ಡ್ಯೂಪ್ಲೆಕ್ಸ್, ಅಂದರೆ ಒಳಗೇ ಮೆಟ್ಟಿಲಿರುವ ಎರಡಂತಸ್ತಿನ ಮನೆ, ನೋಡಲು ಚೆಂದ. ಆದರೆ ಅಪ್ಪ ಅಮ್ಮನ ಮಂಡಿ ನೋವನ್ನೂ ನೆನೆಯಿರಿ. ಆ ಬಚ್ಚಲಿನ ಬಾಗಿಲು 2.5 ಅಡಿಗಿಂತ ಕಿರಿದಾಗಿರಬಾರದು. ಪಾಯಿಖಾನೆ ನೀರು ಒಳಚರಂಡಿಗೆ ಹೋಗುತ್ತದೋ ಪಿಟ್‌ಗೋ ಕೇಳಿ. ಪಿಟ್ ಆದರೆ ಅದಕ್ಕೂ ಬೋರ್‌ವೆಲ್‌ಗೂ ಕನಿಷ್ಠ 50 ಅಡಿ ಅಂತರವಿರಲಿ. ಪಕ್ಕದ ಮನೆಯ ಪಿಟ್ ಎಲ್ಲಿದೆ ಎಂಬುದನ್ನೂ ಕೇಳಲೇಬೇಕು.

ಸಾಮಾನು ಇಡುವ ಕೋಣೆಯನ್ನು ಪಟ್ಟಣದ ಪ್ಲಾನ್‌ಗಳು ಮರೆತುಬಿಡುತ್ತವೆ. ತೋಟ, ಹೊಲ ಇರುವ ಕುಟುಂಬಕ್ಕೆ ಅಟ್ಟವೋ ಉಗ್ರಾಣವೋ ಬೇಕೇ ಬೇಕು. ಈರುಳ್ಳಿಯಂತೂ ಗಾಳಿಯಾಡದ ಕೋಣೆಯಲ್ಲಿ ಉಳಿಯುವುದಿಲ್ಲ.

ವಾಸ್ತು ನೋಡಬೇಡವೇ ಎಂದು ಕೇಳುತ್ತೀರಿ. ನಂಬಿಕೆ ಇದ್ದರೆ ನೋಡಿ. ಆದರೆ ಆಯ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಗಾಳಿ ಬೆಳಕಿಲ್ಲದ ಮನೆ ಒಪ್ಪಬೇಡಿ.

ಈಗ ಕಾಗದ ಪತ್ರ. ಪಟ್ಟಣ ವ್ಯಾಪ್ತಿಯಾದರೆ ಇ-ಖಾತಾ ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಮಾತ್ರ ಇದ್ದರೆ ಬ್ಯಾಂಕ್ ಸಾಲಕ್ಕೆ ತೊಡಕಾಗಬಹುದು, ಮೊದಲೇ ವಿಚಾರಿಸಿ. ಋಣಭಾರ ಪತ್ರ, ಅಂದರೆ ಇ.ಸಿ., ಕಾವೇರಿ 2.0 ಜಾಲತಾಣದಲ್ಲಿ ಸಿಗುತ್ತದೆ. 30 ವರ್ಷದ್ದು ತೆಗೆಸಿ ವಕೀಲರಿಗೆ ತೋರಿಸಿ. ಬೆಂಗಳೂರು–ಶಿವಮೊಗ್ಗ ಹೆದ್ದಾರಿಗೆ ಮುಖ ಮಾಡಿದ ಮನೆಯಾದರೆ, ರಸ್ತೆ ಅಗಲೀಕರಣಕ್ಕೆ ಜಾಗ ಹೋಗುತ್ತದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ.

ಖರ್ಚು ಎಷ್ಟು? ಪಟ್ಟಣದಲ್ಲಿ 30 ಲಕ್ಷದ ಮನೆ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 1,50,000 ರೂಪಾಯಿ. ಆ ಶುಲ್ಕದ ಮೇಲೆ ಸೆಸ್ ಶೇ 10, ಸರ್ಚಾರ್ಜ್ ಶೇ 2, ಎರಡೂ ಸೇರಿ 18,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 60,000. ಒಟ್ಟು 2,28,000 ರೂಪಾಯಿ. ಕ್ರಯದ ಮೊತ್ತ, ಸರ್ಕಾರದ ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಹೆಚ್ಚಿರುವುದರ ಮೇಲೆ ಲೆಕ್ಕ ಹಾಕುತ್ತಾರೆ. ಈ ಹಣ ಸಾಮಾನ್ಯವಾಗಿ ಗೃಹಸಾಲದಲ್ಲಿ ಸೇರುವುದಿಲ್ಲ, ಕೈಯಲ್ಲಿ ಇಟ್ಟುಕೊಂಡಿರಬೇಕು.

ಮುಂಗಡವನ್ನು ಕರಾರುಪತ್ರ ಮಾಡಿಸಿ ಬ್ಯಾಂಕ್ ಮೂಲಕವೇ ಕೊಡಿ. ಮನೆ ಕಂದಾಯ, ನೀರಿನ ಬಿಲ್, ಮೆಸ್ಕಾಂ ಬಿಲ್ ಬಾಕಿ ಇಲ್ಲ ಎಂಬ ರಸೀದಿಗಳನ್ನು ಕ್ರಯದ ದಿನಕ್ಕೆ ಮುಂಚೆಯೇ ಪಡೆಯಿರಿ. ನೋಂದಣಿಯಾದ ಮೇಲೆ ಖಾತಾ ಮತ್ತು ವಿದ್ಯುತ್ ಮೀಟರ್ ನಿಮ್ಮ ಹೆಸರಿಗೆ ಬದಲಾಗಿವೆಯೇ ಎಂದು ನೀವೇ ಹೋಗಿ ಖಚಿತಪಡಿಸಿಕೊಳ್ಳಿ.