ಮಗುವಿಗೊಂದು ತಳ್ಳುಗಾಡಿ: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಗುವೊಂದು ಹುಟ್ಟಿತೆಂದರೆ ತೊಟ್ಟಿಲು, ಕುಲಾವಿ, ಬೆಳ್ಳಿಯ ಒಳಲೆಗಳ ಮಾತಿನೊಂದಿಗೆ ಈಗ ಇನ್ನೊಂದು ವಸ್ತುವಿನ ಮಾತೂ ಬರುತ್ತದೆ. ಅದು ಮಗುವನ್ನು ಮಲಗಿಸಿಯೋ ಕೂರಿಸಿಯೋ ತಳ್ಳಿಕೊಂಡು ಹೋಗುವ ಗಾಡಿ. ಮರಾಠಿಗರು ಇದನ್ನು ‘ಬಾಬಾಗಾಡಿ’ ಎಂದು ಮುದ್ದಾಗಿ ಕರೆಯುತ್ತಾರೆ. ನಮ್ಮವರ ಬಾಯಲ್ಲಿ ಅದು ಪ್ರಾಮ್, ಸ್ಟ್ರಾಲರ್, ತಳ್ಳುಗಾಡಿ ಎಂದು ಬಗೆಬಗೆಯಾಗಿ ಬರುತ್ತದೆ. ಹೆಸರು ಯಾವುದಾದರೇನು, ಮೂರು ಸಾವಿರದಿಂದ ಮೂವತ್ತು ಸಾವಿರ ರೂಪಾಯಿಯನ್ನೂ ಮೀರಿ ಬೆಲೆ ಬಾಳುವ ಈ ವಸ್ತುವನ್ನು ಅನೇಕರು ಬಣ್ಣ ನೋಡಿ ಕೊಳ್ಳುತ್ತಾರೆ, ಆರು ತಿಂಗಳಲ್ಲಿ ಅಟ್ಟಕ್ಕೇರಿಸುತ್ತಾರೆ. ಹಾಗಾಗದಂತೆ ಯೋಚಿಸಬೇಕಾದ ಕೆಲವು ವಿಚಾರಗಳನ್ನು ಇಲ್ಲಿ ಕ್ರಮವಾಗಿ ಹೇಳುವ ಪ್ರಯತ್ನ ಮಾಡಿದ್ದೇನೆ.

ಗಾಡಿ ನಡೆದು ಬಂದ ದಾರಿ

1733ರಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ವಿಲಿಯಂ ಕೆಂಟ್ ಎಂಬಾತ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಪುಟ್ಟ ರಥವೊಂದನ್ನು ರಚಿಸಿದನು. ಅದನ್ನು ಮನುಷ್ಯರು ತಳ್ಳುತ್ತಿರಲಿಲ್ಲ. ಮೇಕೆಯೋ ಕುದುರೆಮರಿಯೋ ಎಳೆಯಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಡಿಕೆ ಬಂದು, ತಳ್ಳುವ ರೂಢಿ ಆರಂಭವಾಯಿತು. 1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವಿಲಿಯಂ ರಿಚರ್ಡ್‌ಸನ್, ಮಗುವಿನ ಮುಖವನ್ನು ಬೇಕೆಂದಾಗ ತಳ್ಳುವವರ ಕಡೆಗೆ ತಿರುಗಿಸಬಹುದಾದ ಗಾಡಿಗೆ ಹಕ್ಕುಪತ್ರ ಪಡೆದನು. ಇಂದು ನಾವು ಕಾಣುವ, ಕೊಡೆಯಂತೆ ಮಡಚುವ ಹಗುರ ಗಾಡಿಯ ಮೂಲಪುರುಷ ಓವೆನ್ ಮ್ಯಾಕ್ಲಾರೆನ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಮಡಚುವ ರಚನೆಯಲ್ಲಿ ದುಡಿದಿದ್ದ ಈ ಇಂಜಿನಿಯರ್ 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಸುಮಾರು ಮೂರು ಕಿಲೋಗ್ರಾಂ ತೂಕದ ಗಾಡಿಯನ್ನು ರೂಪಿಸಿದನು. ಪ್ರಾಣಿ ಎಳೆಯುವ ರಥದಿಂದ ಒಂದು ಕೈಯಲ್ಲಿ ಎತ್ತಬಹುದಾದ ಗಾಡಿಯವರೆಗಿನ ಈ ಪಯಣಕ್ಕೆ ಇನ್ನೂರ ಮೂವತ್ತು ವರ್ಷಗಳೇ ಹಿಡಿದವು.

ನಮ್ಮ ಊರಿನ ವ್ಯಾಪಾರಕ್ಕೂ ಇದರಲ್ಲಿ ಒಂದು ಸ್ಥಾನವಿದೆ. ಮಕ್ಕಳ ಸಾಮಗ್ರಿ ಮಾರುವ ಫಸ್ಟ್‌ಕ್ರೈ ಸಂಸ್ಥೆ 2010ರಲ್ಲಿ ಪುಣೆಯಲ್ಲಿಯೇ ಹುಟ್ಟಿತು.

ತಳ್ಳುವವರು ಯಾರು?

ಗಾಡಿ ಮಗುವಿಗಾಗಿ ಎಂದು ನಾವು ಭಾವಿಸುತ್ತೇವೆ. ಆದರೆ ಅದನ್ನು ಮಡಚುವವರು, ಎತ್ತುವವರು, ತಳ್ಳುವವರು ದೊಡ್ಡವರು. ಹಿಂಜವಡಿಯಲ್ಲಿಯೋ ಖರಾಡಿಯಲ್ಲಿಯೋ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ, ಸಂಜೆ ಮಗುವನ್ನು ಉದ್ಯಾನಕ್ಕೆ ಕರೆದೊಯ್ಯುವವರು ಧಾರವಾಡದಿಂದಲೋ ಉಡುಪಿಯಿಂದಲೋ ಬಂದಿರುವ ಅಜ್ಜ ಅಜ್ಜಿಯರು. ಅವರ ಮೊಣಕಾಲು, ಬೆನ್ನು, ಕೈಬೆರಳುಗಳ ಶಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಂಡ ಗಾಡಿ ಬಳಕೆಗೆ ಬಾರದು. ಹನ್ನೆರಡು ಕಿಲೋಗ್ರಾಂ ತೂಕದ ಗಾಡಿಯಲ್ಲಿ ಒಂಬತ್ತು ಕಿಲೋಗ್ರಾಂ ತೂಕದ ಮಗು ಕುಳಿತರೆ, ಮೂರು ಮೆಟ್ಟಿಲು ಏರಿಸಲು ಇಪ್ಪತ್ತೊಂದು ಕಿಲೋಗ್ರಾಂ ಎತ್ತಬೇಕಾಗುತ್ತದೆ. ಲಿಫ್ಟ್ ಇಲ್ಲದ ಸದಾಶಿವ ಪೇಟೆಯ ಹಳೆಯ ಕಟ್ಟಡದಲ್ಲಿ ವಾಸವಿರುವವರಿಗೆ ಇದು ಬಹು ಮುಖ್ಯವಾದ ಸಂಗತಿ.

ಆದ್ದರಿಂದ ಅಂಗಡಿಗೆ ಹೋಗುವಾಗ ನಿತ್ಯ ತಳ್ಳುವವರನ್ನೇ ಕರೆದೊಯ್ಯಿರಿ. ಹಿಡಿಕೆ ಅವರ ಸೊಂಟಕ್ಕಿಂತ ಸ್ವಲ್ಪ ಮೇಲಿದ್ದು, ಮೊಣಕೈ ತುಸು ಬಾಗಿರಬೇಕು. ನಡೆಯುವಾಗ ಪಾದ ಹಿಂಗಾಲಿಗೆ ತಗಲಬಾರದು. ಮಾರಾಟಗಾರ ಮಡಚಿ ತೋರಿಸಿದ್ದು ಸಾಲದು. ಅಜ್ಜಿಯೇ ಎರಡು ಸಲ ಬಿಚ್ಚಿ ಮಡಚಲಿ. ಒಂದು ಕೈಯಲ್ಲಿ ಮಗು ಇರುತ್ತದೆ ಎಂಬುದನ್ನು ಮರೆಯದಿರಿ. ಖಾಲಿ ಗಾಡಿ ಎಲ್ಲವೂ ಹಗುರವಾಗಿಯೇ ಓಡುತ್ತದೆ. ಹತ್ತು ಕಿಲೋಗ್ರಾಂ ತೂಕದ ಚೀಲವೊಂದನ್ನು ಅದರಲ್ಲಿ ಇಟ್ಟು ತಿರುಗಿಸಿ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ.

ಯಾವಾಗ ಕೊಳ್ಳಬೇಕು?

ಮಗು ಹುಟ್ಟುವ ಮುನ್ನವೇ ಗಾಡಿ ಕೊಳ್ಳುವುದು ಪಾಶ್ಚಾತ್ಯರ ಪದ್ಧತಿ. ಅಲ್ಲಿ ತಾಯಿ ಕೆಲವೇ ದಿನಗಳಲ್ಲಿ ಮಗುವಿನೊಂದಿಗೆ ಹೊರಗೆ ಓಡಾಡುತ್ತಾಳೆ. ನಮ್ಮಲ್ಲಿ ಬಾಣಂತನಕ್ಕೆಂದು ಹುಬ್ಬಳ್ಳಿಗೋ ಮಂಗಳೂರಿಗೋ ತವರಿಗೆ ಹೋದವಳು ಮೂರು ತಿಂಗಳೋ ಐದು ತಿಂಗಳೋ ಕಳೆದ ಮೇಲೆ ಪುಣೆಗೆ ಮರಳುತ್ತಾಳೆ. ಅಷ್ಟರಲ್ಲಿ ಮಗುವಿನ ಕತ್ತು ನಿಲ್ಲುತ್ತಿರುತ್ತದೆ. ಹೀಗಾಗಿ ನವಜಾತ ಶಿಶುವಿಗೆಂದೇ ಮಾಡಿದ, ತೊಟ್ಟಿಲಿನಂತಹ ದುಬಾರಿ ಪ್ರಾಮ್ ಅನೇಕ ಕನ್ನಡಿಗ ಕುಟುಂಬಗಳಿಗೆ ಅಗತ್ಯವೇ ಬೀಳುವುದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಸುಮಾರು ಆರು ತಿಂಗಳಾಗಿ, ಮಗು ತಾನಾಗಿ ಕೂರುವ ಹಂತಕ್ಕೆ ಬರುವವರೆಗೆ ಅದನ್ನು ನೆಟ್ಟಗೆ ಕೂರಿಸುವ ಹಗುರ ಗಾಡಿಯಲ್ಲಿ ಇಡಬಾರದು. ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗಿದರೆ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಅದಕ್ಕೂ ಮುನ್ನ ಬಳಸುವುದಾದರೆ ಬೆನ್ನೊರಗು ಪೂರ್ಣವಾಗಿ ಮಲಗುವಂತಹ ಗಾಡಿಯೇ ಬೇಕು.

ಮೂರು ಬಗೆಗಳು

ಮಾರುಕಟ್ಟೆಯಲ್ಲಿರುವ ಗಾಡಿಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಮಗು ಚಪ್ಪಟೆಯಾಗಿ ಮಲಗುವ ಪ್ರಾಮ್. ಎರಡನೆಯದು ಮಲಗಿಸಲೂ ಕೂರಿಸಲೂ ಬರುವ, ಎಂಟರಿಂದ ಹನ್ನೆರಡು ಕಿಲೋಗ್ರಾಂ ತೂಗುವ ಸಾಧಾರಣ ಸ್ಟ್ರಾಲರ್. ಮೂರನೆಯದು ಕೊಡೆಯಂತೆಯೋ ಪೆಟ್ಟಿಗೆಯಂತೆಯೋ ಮಡಚುವ ಹಗುರ ಗಾಡಿ. ಊರಿಗೆ ಹೋಗಿಬರುವವರಿಗೆ ಮೂರನೆಯದು ಅನುಕೂಲ. 2024ರಲ್ಲಿ ಆರಂಭವಾದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ರೈಲಿನಲ್ಲಾಗಲಿ, ಮುಂಬಯಿಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಾಗಲಿ ಗಾಡಿಯನ್ನು ಮಡಚಿಯೇ ಇಡಬೇಕು. ಹತ್ತುವಾಗ ಮಗು ತೋಳಿನಲ್ಲಿರಲಿ, ಗಾಡಿ ಇನ್ನೊಬ್ಬರ ಕೈಯಲ್ಲಿರಲಿ.

ಕಾರಿನ ಆಸನವನ್ನೇ ಗಾಡಿಯ ಮೇಲೆ ಕೂರಿಸುವ ಜೋಡಿ ವ್ಯವಸ್ಥೆಯೂ ಉಂಟು. ಕಾರು ಇರುವವರಿಗೆ ಅದು ಉಪಯುಕ್ತ. ಆದರೆ ಪ್ರಯಾಣ ಮುಗಿದ ಮೇಲೆ ಮಗುವನ್ನು ಅದೇ ಆಸನದಲ್ಲಿ ಗಂಟೆಗಟ್ಟಲೆ ನಿದ್ದೆಗೆ ಬಿಡಬಾರದು.

ಪುಣೆಯ ರಸ್ತೆ, ಗಾಡಿಯ ಗಾಲಿ

ಐದಾರು ಅಂಗುಲದ ಪುಟ್ಟ ಗಾಲಿಗಳು ಮಾಲ್‌ಗಳ ನುಣುಪು ನೆಲಕ್ಕೆ ಹೇಳಿ ಮಾಡಿಸಿದಂತಿವೆ. ಅಗಲಗೊಳಿಸಿದ ಜಂಗಲಿ ಮಹಾರಾಜ್ ರಸ್ತೆಯ ಕಾಲುದಾರಿಯಲ್ಲಿಯೂ ಅವು ಓಡಿಯಾವು. ಆದರೆ ಕಲ್ಲುಹಾಸು ಎದ್ದಿರುವ, ನಡುವೆ ವಿದ್ಯುತ್ ಪೆಟ್ಟಿಗೆಯೋ ದ್ವಿಚಕ್ರ ವಾಹನವೋ ನಿಂತಿರುವ ಸಾಮಾನ್ಯ ಕಾಲುದಾರಿಯಲ್ಲಿ ಸಣ್ಣ ಗಾಲಿ ಸಿಕ್ಕಿಕೊಂಡು ಗಾಡಿ ಮುಂದಕ್ಕೆ ಮುಗ್ಗರಿಸುತ್ತದೆ. ಅಲ್ಲಿ ಎಂಟು ಅಂಗುಲಕ್ಕಿಂತ ದೊಡ್ಡ ಗಾಲಿ, ಸ್ಪ್ರಿಂಗ್ ವ್ಯವಸ್ಥೆ, ಸುತ್ತ ತಿರುಗುವ ಮುಂಗಾಲಿಗಳನ್ನು ನೇರಕ್ಕೆ ಬಿಗಿಯುವ ಕೀಲು ಇವು ಬೇಕು.

ಎಲ್ಲೆಡೆಗೂ ಗಾಡಿಯೇ ಬೇಕೆಂಬ ಹಟವೂ ಸಲ್ಲದು. ತುಳಶಿಬಾಗಿನ ಇಕ್ಕಟ್ಟು, ಗಣೇಶೋತ್ಸವದ ಜನಸಂದಣಿ, ಪರ್ವತಿಯ ನೂರಕ್ಕೂ ಮಿಕ್ಕ ಮೆಟ್ಟಿಲುಗಳು ಇವುಗಳಿಗೆ ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಚೀಲವೇ ಮೇಲು. ಸಾರಸಬಾಗ್, ಎಂಪ್ರೆಸ್ ಗಾರ್ಡನ್ ಅಥವಾ ನಿಮ್ಮ ವಸತಿ ಸಂಕೀರ್ಣದ ಒಳರಸ್ತೆ ಗಾಡಿಗೆ ತಕ್ಕ ಸ್ಥಳಗಳು. ನೀವು ವಾರದಲ್ಲಿ ಹೆಚ್ಚು ಸಲ ಹೋಗುವ ದಾರಿ ಯಾವುದೋ ಆ ದಾರಿಗೆ ಒಗ್ಗುವ ಗಾಡಿಯನ್ನು ಆರಿಸಿರಿ. ಮನೆಯ ಲಿಫ್ಟಿನ ಬಾಗಿಲು, ಕಾರಿನ ಹಿಂಬದಿಯ ಡಿಕ್ಕಿ ಇವೆರಡನ್ನೂ ಮೊದಲೇ ಅಳೆದುಕೊಂಡು ಹೋಗುವುದು ಜಾಣತನ.

ಸುರಕ್ಷತೆಯ ವಿಚಾರದಲ್ಲಿ ರಾಜಿ ಬೇಡ

ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯುವ ಪಟ್ಟಿ ಇರಲೇಬೇಕು. ಬ್ರೇಕ್ ಹಾಕಿದಾಗ ಹಿಂದಿನ ಎರಡೂ ಗಾಲಿಗಳು ಒಟ್ಟಿಗೆ ನಿಲ್ಲಬೇಕು. ಬಿಚ್ಚಿದ ಗಾಡಿ ತಾನಾಗಿ ಮಡಚಿಕೊಳ್ಳದಂತೆ ಕೀಲು ಬೀಳುವ ಸದ್ದು ಕೇಳಿಸಬೇಕು. ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್ 833 ಮಾನದಂಡದ ಉಲ್ಲೇಖ ಚೀಟಿಯಲ್ಲಿದೆಯೇ ಎಂದು ನೋಡಿರಿ. ಪ್ರಸಿದ್ಧ ಹೆಸರಿದ್ದ ಮಾತ್ರಕ್ಕೆ ಪರೀಕ್ಷೆ ಬೇಡವೆಂದಲ್ಲ. 2009ರ ನವೆಂಬರಿನಲ್ಲಿ ಮ್ಯಾಕ್ಲಾರೆನ್ ಸಂಸ್ಥೆಯ ಸುಮಾರು ಹತ್ತು ಲಕ್ಷ ಗಾಡಿಗಳನ್ನು ಅಮೆರಿಕದಲ್ಲಿ ಹಿಂಪಡೆಯುವ ಪ್ರಕಟಣೆ ಹೊರಟಿತು. ಮಡಚುವ ಕೀಲಿನಲ್ಲಿ ಸಿಲುಕಿ ಮಕ್ಕಳ ಬೆರಳ ತುದಿ ತುಂಡಾದ ಹನ್ನೆರಡು ಪ್ರಕರಣಗಳು ಅಲ್ಲಿ ವರದಿಯಾಗಿದ್ದವು. ಕೀಲುಗಳಿಗೆ ಮುಚ್ಚಳ ಒದಗಿಸಿ ಆ ದೋಷವನ್ನು ಸರಿಪಡಿಸಲಾಯಿತು. ಬಂಧುಗಳಿಂದ ಬಂದ ಹಳೆಯ ಗಾಡಿಯಾದರೆ ಕೀಲು, ಬ್ರೇಕ್, ಪಟ್ಟಿಯ ಹೊಲಿಗೆ ಇವನ್ನು ಇನ್ನಷ್ಟು ಎಚ್ಚರಿಕೆಯಿಂದ ಪರೀಕ್ಷಿಸಬೇಕು. ಮಡಚುವಾಗ, ಬಿಚ್ಚುವಾಗ ಮಗು ಹತ್ತಿರ ಇರಬಾರದು.

ತರಕಾರಿಯ ಚೀಲವನ್ನು ಹಿಡಿಕೆಗೆ ತೂಗುಹಾಕುವುದು ಬಹಳ ಮಂದಿಯ ಅಭ್ಯಾಸ. ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಮಗು ಒಳಗಿದ್ದಾಗಲೂ ಮಗುಚಬಹುದು. ಸಾಮಾನು ಕೆಳಗಿನ ಬುಟ್ಟಿಯಲ್ಲಿರಲಿ. ಚಲಿಸುವ ಮೆಟ್ಟಿಲಿನ ಮೇಲೆ ಗಾಡಿಯನ್ನು ಎಂದಿಗೂ ಒಯ್ಯಬೇಡಿ. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಬಳಸಿರಿ.

ಬಿಸಿಲು, ಮಳೆ, ಹೊಗೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಪುಣೆಯ ತಾಪಮಾನ 40 ಡಿಗ್ರಿಯನ್ನು ಮುಟ್ಟುವುದುಂಟು. ಬಿಸಿಲು ತಾಗದಿರಲೆಂದು ತಾಯಂದಿರು ಗಾಡಿಯ ಮೇಲೆ ದುಪಟ್ಟಾ ಹೊದಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಗಾಳಿಯಾಡದೆ ಒಳಗಿನ ಬಿಸಿ ಏರುತ್ತದೆ, ಮಗುವಿನ ಮುಖವೂ ಕಾಣಿಸದು. ಅಗಲವಾದ ಮೇಲ್ಛಾವಣಿ, ಹಿಂಬದಿಯಲ್ಲಿ ಜಾಲರಿಯ ಕಿಟಕಿ ಇರುವ ಗಾಡಿ ನಮ್ಮ ಹವೆಗೆ ಹೊಂದುತ್ತದೆ. ಜೂನ್ ಬಂತೆಂದರೆ ಮಳೆಯ ಹೊದಿಕೆ ಬೇಕು. ನೆನೆದ ಬಟ್ಟೆಯನ್ನು ಕಳಚಿ ಒಣಗಿಸಲು ಬರದಿದ್ದರೆ ಬೂಷ್ಟು ಹಿಡಿಯುತ್ತದೆ.

ವಾಹನಗಳ ಹೊಗೆಯ ಕೊಳವೆಗಳು ಬಹುತೇಕ ನೆಲದಿಂದ ಒಂದು ಮೀಟರಿನೊಳಗೇ ಇರುತ್ತವೆ. ಗಾಡಿಯಲ್ಲಿರುವ ಮಗುವಿನ ಮೂಗೂ ಅದೇ ಎತ್ತರದಲ್ಲಿರುತ್ತದೆ. ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದ ಪ್ರಶಾಂತ್ ಕುಮಾರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂತಹ ಮಕ್ಕಳು ದೊಡ್ಡವರಿಗಿಂತ ಶೇಕಡಾ 60ರವರೆಗೆ ಹೆಚ್ಚು ಮಲಿನ ಗಾಳಿಗೆ ಒಡ್ಡಿಕೊಳ್ಳಬಹುದು. ಕರ್ವೆ ರಸ್ತೆಯ ಸಂಜೆಯ ವಾಹನದಟ್ಟಣೆಯಲ್ಲಿ ಮಗುವನ್ನು ತಳ್ಳಿಕೊಂಡು ಹೋಗುವುದಕ್ಕಿಂತ ಒಳದಾರಿಯನ್ನು ಹಿಡಿಯುವುದು ಒಳಿತು. ನೆಲದಿಂದ ಎತ್ತರವಿರುವ ಆಸನ ಇನ್ನೂ ಒಳಿತು.

ಮಗುವಿನ ಮುಖ ಯಾವ ಕಡೆಗೆ?

ಇದು ಸಣ್ಣ ವಿಷಯವೆನಿಸಬಹುದು. 2008ರಲ್ಲಿ ಡಂಡೀ ವಿಶ್ವವಿದ್ಯಾಲಯದ ಸುಝಾನ್ ಝೀಡಿಕ್ ಎಂಬ ವಿದುಷಿ ಬ್ರಿಟನ್ನಿನ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೋಷಕ ಮಕ್ಕಳ ಜೋಡಿಗಳ ವೀಕ್ಷಣೆಯನ್ನು ಆಧರಿಸಿ ಅಧ್ಯಯನವೊಂದನ್ನು ಪ್ರಕಟಿಸಿದರು. ಮುಖಾಮುಖಿಯಾಗಿ ಕುಳಿತ ಮಕ್ಕಳೊಡನೆ ದೊಡ್ಡವರು ಎರಡು ಪಟ್ಟಿಗೂ ಹೆಚ್ಚು ಮಾತನಾಡುತ್ತಿದ್ದರೆಂದು ಅದರಿಂದ ತಿಳಿದುಬಂದಿತು. ನಮ್ಮಂತಹ ಹೊರನಾಡ ಕನ್ನಡಿಗರಿಗೆ ಇದರ ಮಹತ್ವ ಇನ್ನೂ ಹೆಚ್ಚು. ಮಗುವಿನ ಸುತ್ತ ಬೀದಿಯಲ್ಲಿ ಮರಾಠಿಯಿದೆ, ದೂರದರ್ಶನದಲ್ಲಿ ಹಿಂದಿಯಿದೆ, ಮುಂದೆ ಶಾಲೆಯಲ್ಲಿ ಇಂಗ್ಲಿಷಿದೆ. ಅವೆಲ್ಲವೂ ಬೇಕು. ಆದರೆ ಕನ್ನಡ ಅದರ ಕಿವಿಗೆ ಬೀಳುವುದು ಮನೆಯವರ ಬಾಯಿಂದ ಮಾತ್ರ. ‘ನೋಡು ಪುಟ್ಟಾ, ಗುಬ್ಬಿ ಬಂತು, ನಾಯಿ ಓಡಿತು’ ಎಂದು ಅಜ್ಜಿ ಹೇಳುವ ಸಂಜೆಯ ಅರ್ಧ ಗಂಟೆ ಒಂದು ಪಾಠಶಾಲೆಯೇ ಸರಿ. ಆಸನ ತಿರುಗಿಸಬಹುದಾದ ಗಾಡಿಗೆ ಸ್ವಲ್ಪ ಹೆಚ್ಚು ಹಣ ಕೊಡಬೇಕಾದರೂ ನನ್ನ ಮಟ್ಟಿಗೆ ಅದು ಸಾರ್ಥಕ ವೆಚ್ಚ. ತಿರುಗಿಸಲು ಬಾರದ ಗಾಡಿಯಾದರೆ ಆಗಾಗ್ಗೆ ನಿಂತು, ಎದುರು ಬಂದು ಮಾತನಾಡಿಸಿದರಾಯಿತು.

ಅತಿಯಾದರೆ ಅಮೃತವೂ ವಿಷ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸೂಚನೆಯಂತೆ, ಐದು ವರ್ಷದೊಳಗಿನ ಮಕ್ಕಳನ್ನು ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಕಾಲ ಗಾಡಿಯಲ್ಲಿ ಬಿಗಿದು ಕೂರಿಸಬಾರದು. ನಡೆಯಬಲ್ಲ ಮಗು ನಡೆಯಲಿ.

ವಾಕರ್ ಬೇರೆ, ಗಾಡಿ ಬೇರೆ

ಗಾಡಿಯ ಜೊತೆ ವಾಕರನ್ನೂ ಒಟ್ಟಿಗೆ ಕೊಳ್ಳುವವರಿದ್ದಾರೆ. ಮಗುವನ್ನು ನಡುವೆ ಕೂರಿಸುವ ಗಾಲಿಯ ವಾಕರ್ ಮೆಟ್ಟಿಲಿನಿಂದ ಉರುಳುವ, ಬಿಸಿ ಪಾತ್ರೆಗೆ ಕೈ ಚಾಚುವ ಅಪಾಯವನ್ನು ತರುತ್ತದೆ; ನಡಿಗೆಯನ್ನು ಬೇಗ ಕಲಿಸುವುದೂ ಇಲ್ಲ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು. ಮಗು ತಾನೇ ನಿಂತು ತಳ್ಳುವ ಮೂರು ಗಾಲಿಯ ಮರದ ಬಂಡಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಮರಾಠಿಗರು ಅದನ್ನು ‘ಪಾಂಗುಳಗಾಡಾ’ ಎನ್ನುತ್ತಾರೆ. ದೊಡ್ಡವರ ಕಣ್ಣೆದುರಿನಲ್ಲಿ ಅದೇ ಲೇಸು.

ಬೆಲೆಯ ಲೆಕ್ಕ

ಬ್ಯಾಂಕಿನ ನೌಕರನಾದ ನಾನು ಬೆಲೆಯನ್ನು ಬಳಕೆಯಿಂದ ಭಾಗಿಸಿ ನೋಡುತ್ತೇನೆ. ಹನ್ನೆರಡು ಸಾವಿರ ರೂಪಾಯಿಯ ಗಾಡಿಯನ್ನು ವಾರಕ್ಕೆ ನಾಲ್ಕು ಸಲದಂತೆ ಒಂದೂವರೆ ವರ್ಷ ಬಳಸಿದರೆ 312 ಸಲವಾಗುತ್ತದೆ; ಪ್ರತಿ ಸಲಕ್ಕೆ ಸುಮಾರು 38 ರೂಪಾಯಿ. ತಿಂಗಳಿಗೆ ನಾಲ್ಕೇ ಸಲವಾದರೆ 72 ಸಲ. ಪ್ರತಿ ಸಲಕ್ಕೆ ಸುಮಾರು 167 ರೂಪಾಯಿ. ಎರಡನೆಯ ಸ್ಥಿತಿ ನಿಮ್ಮದಾದರೆ ನಾಲ್ಕೈದು ಸಾವಿರದ ಹಗುರ ಗಾಡಿ ಸಾಕು. ‘ಬಡ್ಡಿರಹಿತ ಕಂತು’ ಎಂಬ ಜಾಹೀರಾತಿಗೆ ಮರುಳಾಗುವ ಮುನ್ನ ಸಂಸ್ಕರಣಾ ಶುಲ್ಕ, ಬಡ್ಡಿಯ ಭಾಗದ ಮೇಲಿನ ತೆರಿಗೆ ಸೇರಿವೆಯೇ ಎಂದು ಕೇಳಿರಿ. ನಗದು ರಿಯಾಯಿತಿಯೇ ಅದಕ್ಕಿಂತ ಲಾಭವಾಗಿರಬಹುದು.

ರಸೀದಿಯನ್ನೂ ಖಾತರಿ ಪತ್ರವನ್ನೂ ಜೋಪಾನವಾಗಿಡಿ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಪೆಟ್ಟಿಗೆಯ ಮೇಲಿರಬೇಕು. ದೋಷವಿದ್ದು ಮಾರಾಟಗಾರ ಕೈಕೊಟ್ಟರೆ, 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆಯಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಒಟ್ಟಿನಲ್ಲಿ ಗಾಡಿ ಬರುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ: ತಳ್ಳುವವರು ಯಾರು, ದಾರಿ ಎಂತಹುದು, ಮಗುವಿನ ವಯಸ್ಸೆಷ್ಟು. ಈ ಮೂರು ಸ್ಪಷ್ಟವಾದರೆ ಬಣ್ಣದ ಆಯ್ಕೆಯನ್ನು ಮನೆಯ ಹಿರಿಯ ಮಕ್ಕಳಿಗೆ ಬಿಟ್ಟರೂ ನಷ್ಟವಿಲ್ಲ.