ಮನುಷ್ಯ ಮತ್ತು ಕೃತಕ ಬುದ್ಧಿಮತ್ತೆಯ ಸಂಬಂಧ: ವಿವರಣೆಯ ಪರಿಭಾಷೆ

ಮಾತಿಗೆ ಮರುಮಾತು ನೀಡಬಲ್ಲ ಯಂತ್ರಗಳೊಡನೆ ಮನುಷ್ಯರು ಬೆಳೆಸಿಕೊಳ್ಳುವ ಸಂಬಂಧವನ್ನು ಸಂಶೋಧಕರು ಸುಮಾರು ಆರು ದಶಕಗಳಿಂದ ವಿವರಿಸುತ್ತ ಬಂದಿದ್ದಾರೆ. ಈ ವಿವರಣೆಗಳ ಹಿಂದಿರುವ ಪರಿಕಲ್ಪನೆಗಳನ್ನೂ ಕನ್ನಡದಲ್ಲಿ ಇಂತಹ ಅಧ್ಯಯನ ಕೈಗೊಳ್ಳುವವರಿಗೆ ಅವು ಒಡ್ಡುವ ಪ್ರಶ್ನೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಅಮೆರಿಕದ ಎಂ.ಐ.ಟಿ.ಯ ಜೋಸೆಫ್ ವೈಜನ್‌ಬಾಮ್ 1966ರಲ್ಲಿ ಪ್ರಕಟಪಡಿಸಿದ ‘ಎಲೈಜಾ’ ಈ ಚರ್ಚೆಯ ಮೊದಲ ಘಟ್ಟ. ಮನೋಚಿಕಿತ್ಸಕರ ಧಾಟಿಯಲ್ಲಿ, ಎದುರಿನವರ ಮಾತನ್ನೇ ಪ್ರಶ್ನೆಯಾಗಿ ಹಿಂದಿರುಗಿಸುವ ಸರಳ ತಂತ್ರಾಂಶವದು. ಅದು ರೂಪುಗೊಂಡ ಬಗೆಯನ್ನು ಕಂಡಿದ್ದ ತಮ್ಮ ಕಾರ್ಯದರ್ಶಿಯೇ, ಅದರೊಡನೆ ಸಂಭಾಷಿಸುವಾಗ ತಮ್ಮನ್ನು ಕೋಣೆಯಿಂದ ಹೊರಹೋಗುವಂತೆ ಕೋರಿದುದನ್ನು ವೈಜನ್‌ಬಾಮ್ 1976ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅವರ ದೃಷ್ಟಿಯಲ್ಲಿ ಇದು ಭ್ರಮೆ.

ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಬೈರನ್ ರೀವ್ಸ್ ಮತ್ತು ಕ್ಲಿಫರ್ಡ್ ನಾಸ್ 1996ರಲ್ಲಿ ಬೇರೊಂದು ನೆಲೆಯನ್ನು ಮಂಡಿಸಿದರು. ಒಂದು ಗಣಕಯಂತ್ರದ ಕೆಲಸ ಹೇಗಿತ್ತೆಂದು ಅದೇ ಯಂತ್ರ ಕೇಳಿದಾಗ ಜನರು ಹೆಚ್ಚು ಮೆಚ್ಚುಗೆಯಿಂದಲೂ, ಮತ್ತೊಂದು ಯಂತ್ರ ಕೇಳಿದಾಗ ಅಷ್ಟು ಮುಲಾಜಿಲ್ಲದೆಯೂ ಉತ್ತರಿಸಿದರು. ಯಂತ್ರಕ್ಕೆ ಮನಸ್ಸಿದೆಯೆಂಬ ನಂಬಿಕೆ ಇದಕ್ಕೆ ಕಾರಣವಲ್ಲ. ಸಾಮಾಜಿಕ ನಡವಳಿಕೆಯ ರೂಢಿಯೇ ಕಾರಣವೆಂಬುದು ಅವರ ವಾದ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿ ದೂರದರ್ಶನ ಮತ್ತು ರೇಡಿಯೋ ಕಲಾವಿದರ ಬಗೆಗೆ ಪ್ರೇಕ್ಷಕರಿಗಿರುವ ಏಕಮುಖ ಆತ್ಮೀಯತೆಯನ್ನು ಕುರಿತು ರೂಪಿಸಿದ ಪರಿಕಲ್ಪನೆಯನ್ನೂ ಈ ಕ್ಷೇತ್ರಕ್ಕೆ ಅನ್ವಯಿಸಲಾಗಿದೆ. ಆದರೆ ಪರದೆಯ ಕಲಾವಿದ ಪ್ರೇಕ್ಷಕನಿಗೆ ಉತ್ತರಿಸುವುದಿಲ್ಲ, ಯಂತ್ರ ಉತ್ತರಿಸುತ್ತದೆ. ಹಾಗಾಗಿ ಈ ಅನ್ವಯ ಭಾಗಶಃ ಮಾತ್ರ ಸಲ್ಲುತ್ತದೆ.

ಭ್ರಮೆ, ರೂಢಿ, ಏಕಮುಖ ಆತ್ಮೀಯತೆ ಎಂಬ ಈ ಮೂರೂ ಮನುಷ್ಯನ ಪಕ್ಷವನ್ನು ವಿವರಿಸುವ ಪದಗಳೆಂಬುದು ಗಮನಾರ್ಹ. 2023ರ ಫೆಬ್ರವರಿಯಲ್ಲಿ ‘ರೆಪ್ಲಿಕಾ’ ಎಂಬ ಸಂಗಾತಿ ತಂತ್ರಾಂಶದ ಪ್ರಣಯ ಸಂಭಾಷಣೆಗೆ ನಿರ್ಬಂಧ ಬಿದ್ದಾಗ ಅನೇಕ ಬಳಕೆದಾರರು ಆಪ್ತರನ್ನು ಕಳೆದುಕೊಂಡವರ ಭಾಷೆಯಲ್ಲಿ ದುಃಖಿಸಿದರು. ಎದುರಿಗಿದ್ದುದು ಏನೆಂಬ ಪ್ರಶ್ನೆ ಇತ್ಯರ್ಥವಾಗದಿದ್ದರೂ ಆ ದುಃಖ ನಿಜವಾದುದೇ.

ಕನ್ನಡದಲ್ಲಿ ಈ ಸಮಸ್ಯೆ ವ್ಯಾಕರಣದ ಮಟ್ಟದಲ್ಲಿಯೇ ಎದುರಾಗುತ್ತದೆ. ಇಂಗ್ಲಿಷಿನ ಕ್ರಿಯಾಪದ ಲಿಂಗವನ್ನು ಸೂಚಿಸುವುದಿಲ್ಲ. ಕನ್ನಡದಲ್ಲಿಯಾದರೋ ‘ಎಲೈಜಾ ಹೇಳಿತು’ ಅಥವಾ ‘ಹೇಳಿದಳು’ ಎಂದು ವಾಕ್ಯವಾಕ್ಯಕ್ಕೂ ನಿರ್ಧರಿಸಬೇಕಾಗುತ್ತದೆ. ಮಾಹಿತಿದಾರರು ‘ಅವಳು ಕೇಳಿದಳು’ ಎಂದುದನ್ನು ಸಂಶೋಧಕರು ‘ಅದು ಪ್ರತಿಕ್ರಿಯಿಸಿತು’ ಎಂದು ತಿದ್ದಿದರೆ ಅಧ್ಯಯನದ ಮುಖ್ಯ ಆಕರವೇ ಅಳಿಸಿಹೋಗುತ್ತದೆ. ತಮ್ಮ ವಿಶ್ಲೇಷಣೆಯಲ್ಲಿಯೂ ‘ಅವಳು’ ಎಂದೇ ಬರೆದರೆ ಪರೀಕ್ಷಿಸಬೇಕಾದುದನ್ನು ಮೊದಲೇ ಒಪ್ಪಿದಂತಾಗುತ್ತದೆ.

ಆದರೆ ಲಿಂಗಪ್ರತ್ಯಯವೊಂದರಿಂದಲೇ ನಂಬಿಕೆಯನ್ನು ಊಹಿಸುವುದೂ ಸಲ್ಲದು. ಅಕ್ಕರೆಯ ಹಸುವಿಗೆ ಹೆಸರಿಟ್ಟು ‘ಗೌರಿ ಬಂದಳು’ ಎನ್ನುವವರು ಅದನ್ನು ಹೆಂಗಸೆಂದು ನಂಬಿದವರಲ್ಲ. ‘ಮಗು ಅತ್ತಿತು’ ಎನ್ನುವವರು ಮಗುವಿನ ಮನುಷ್ಯತ್ವವನ್ನು ನಿರಾಕರಿಸುವವರೂ ಅಲ್ಲ. ಇಲ್ಲಿ ಪ್ರತ್ಯಯವು ವಸ್ತುವಿನ ಸ್ವರೂಪಕ್ಕಿಂತ ಆಡುವವರ ನಂಟನ್ನೂ ನುಡಿಯ ರೂಢಿಯನ್ನೂ ಸೂಚಿಸುತ್ತದೆ.

ಆದ್ದರಿಂದ ಮಾಹಿತಿದಾರರ ಸರ್ವನಾಮವನ್ನು ಇದ್ದಂತೆಯೇ ದಾಖಲಿಸಿ, ಸಂಶೋಧಕರ ಸರ್ವನಾಮವನ್ನು ಅದರಿಂದ ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ಅಗತ್ಯ. ಒಬ್ಬರೇ ‘ಅದು’ ಮತ್ತು ‘ಅವಳು’ಗಳ ನಡುವೆ ಹೊರಳುವುದಾದರೆ, ಆ ಹೊರಳುವಿಕೆ ಎಲ್ಲಿ, ಯಾವ ಸಂದರ್ಭದಲ್ಲಿ ನಡೆಯಿತೆಂಬುದೇ ಸಂಬಂಧದ ಸ್ವರೂಪವನ್ನು ಅರಿಯಲು ದೊರೆಯುವ ಮಹತ್ವದ ಆಧಾರವಾಗುತ್ತದೆ.